ಕಿಲಿಮಾಂಜಾರೋ ಆರೋಹಣ ಕಥನಗಳಲ್ಲಿ ಮಾರ್ಗದರ್ಶಕರ ಸ್ಥಾನ

೧

ಪರ್ವತಾರೋಹಣದ ಕಥನವು ಪ್ರವಾಸಸಾಹಿತ್ಯದ ಒಂದು ಶಾಖೆಯೆಂದು ಎಣಿಸಲ್ಪಡುವುದಾದರೂ ಅದರ ನಡೆ ಪ್ರವಾಸಗ್ರಂಥದ ನಡೆಯಂತಲ್ಲ. ಪ್ರವಾಸಿಯು ಹಲವು ಊರುಗಳನ್ನು ಕಂಡು, ಹಲವು ಜನರೊಡನೆ ಮಾತನಾಡಿ, ಕಂಡುದನ್ನೂ ಕೇಳಿದುದನ್ನೂ ಅನುಕ್ರಮವಾಗಿ ಹೇಳುತ್ತಾನೆ. ಆರೋಹಿಯಾದರೋ ಒಂದೇ ಗುರಿಯತ್ತ ನಡೆಯುತ್ತಾನೆ. ಆತನ ಕಥೆಯು ಬೆಟ್ಟದಂತೆಯೇ ಬುಡದಲ್ಲಿ ಅಗಲವಾಗಿದ್ದು ಏರಿದಂತೆಲ್ಲ ಕಿರಿದಾಗುತ್ತದೆ. ಮೊದಲ ಪ್ರಕರಣದಲ್ಲಿ ಹೊರೆಯಾಳುಗಳು, ದುಭಾಷಿಗಳು, ಊರಿನ ಒಡೆಯರು, ಅಡಿಗೆಯವರು, ದಾರಿ ತೋರುವವರು ಎಂದು ಹತ್ತಾರು ಮಂದಿ ಇರುತ್ತಾರೆ. ನೆತ್ತಿಯ ಪ್ರಕರಣದಲ್ಲಿ ಒಬ್ಬನೋ ಇಬ್ಬರೋ ಉಳಿಯುತ್ತಾರೆ. ಈ ಕಿರಿದಾಗುವಿಕೆಯಲ್ಲಿ ಬೆಟ್ಟದ ಆಕಾರದಿಂದ ಬಂದುದೆಷ್ಟು, ಬರೆಯುವವನ ದೃಷ್ಟಿಯಿಂದ ಬಂದುದೆಷ್ಟು ಎಂಬುದು ವಿಮರ್ಶೆಗೆ ತಕ್ಕ ಪ್ರಶ್ನೆ.

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಪೂರ್ವ ಆಫ್ರಿಕದ ಕಿಲಿಮಾಂಜಾರೋ ಪರ್ವತದಷ್ಟು ಅನುಕೂಲವಾದ ಉದಾಹರಣೆ ವಿರಳ. ೫,೮೯೫ ಮೀಟರು ಎತ್ತರವುಳ್ಳ ಈ ಪರ್ವತವು ಆ ಖಂಡದ ಅತ್ಯುನ್ನತ ಸ್ಥಾನವಾಗಿದೆ. ಭೂಮಧ್ಯರೇಖೆಗೆ ಮೂರು ಡಿಗ್ರಿಗಳಷ್ಟು ತೆಂಕಣಕ್ಕೆ, ಬಿಸಿಲಿನ ಬಯಲಿನ ನಡುವೆ, ಹಿಮವನ್ನು ಹೊತ್ತು ನಿಂತಿರುವುದರಿಂದ ಅದು ಮೊದಲಿನಿಂದಲೂ ಪಂಡಿತರ ವಾದಕ್ಕೂ ಕವಿಗಳ ಕಲ್ಪನೆಗೂ ವಸ್ತುವಾಯಿತು. ಅದರ ತೆಂಕಣ ಮತ್ತು ಮೂಡಣ ಇಳಿಜಾರುಗಳಲ್ಲಿ ಚಾಗ್ಗಾ ಜನರು ಬಹುಕಾಲದಿಂದ ನೆಲೆಸಿದ್ದಾರೆ. ಮೇಲಣ ತೊರೆಗಳಿಂದ ಕಾಲುವೆಗಳನ್ನು ತೆಗೆದು ಬಾಳೆಯ ತೋಟಗಳಿಗೆ ನೀರು ಹಾಯಿಸುವ ವಿದ್ಯೆಯಲ್ಲಿ ಅವರು ನಿಪುಣರು. ಅವರಿಗೆ ಬೆಟ್ಟವು ಏರಿ ಗೆಲ್ಲಬೇಕಾದ ವಸ್ತುವಲ್ಲ. ನೀರನ್ನೂ ಮಣ್ಣನ್ನೂ ಕೊಡುವ ಹಿರಿಯ. ಕೀಬೋ ಮತ್ತು ಮಾವೆಂಜಿ ಎಂಬ ಎರಡು ಶಿಖರಗಳನ್ನು ಕುರಿತು ಅವರಲ್ಲಿ ಒಂದು ಕಥೆಯುಂಟು: ಮಾವೆಂಜಿಯು ಪದೇ ಪದೇ ಕೀಬೋವಿನ ಮನೆಗೆ ಬೆಂಕಿ ಬೇಡಲು ಬರಲು, ರೇಗಿದ ಕೀಬೋ ಒನಕೆಯಿಂದ ಬಡಿದನಂತೆ, ಮಾವೆಂಜಿಯ ತಲೆ ಇಂದಿಗೂ ಒಡೆದು ಮುರಿದಂತಿರುವುದಕ್ಕೆ ಅದೇ ಕಾರಣವಂತೆ. ಒಲೆ, ಒನಕೆ, ನೆರೆಮನೆ ಇವುಗಳಿಂದ ಬೆಟ್ಟವನ್ನು ಅರಿತ ಜನರ ನಡುವಿನಿಂದ ಹೊರಟು, ಬೆಟ್ಟವನ್ನು ಶೂನ್ಯಪ್ರದೇಶವೆಂಬಂತೆ ವರ್ಣಿಸಿದ ಗ್ರಂಥಗಳು ಹಲವಾಗಿವೆ. ಅವುಗಳಲ್ಲಿ ಮುಖ್ಯವಾದವನ್ನು, ದಾರಿ ತೋರಿದವರಿಗೆ ಅವು ಕೊಟ್ಟ ಸ್ಥಾನವೆಂಬ ಒಂದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಇಲ್ಲಿಯ ಉದ್ದೇಶ.

೨

ಜರ್ಮನಿಯ ಪಾದ್ರಿ ಯೋಹಾನೆಸ್ ರೆಬ್ಮನ್ ೧೮೪೮ನೆಯ ಇಸವಿ ಮೇ ತಿಂಗಳು ೧೧ನೆಯ ತಾರೀಖು ಈ ಪರ್ವತದ ಹಿಮವನ್ನು ಕಂಡನು. ಹಿಮವನ್ನು ಕಂಡುದಾಗಿ ಬರೆದು ತಿಳಿಸಿದ ಐರೋಪ್ಯರಲ್ಲಿ ಆತನೇ ಮೊದಲಿಗ. ಆತನೊಡನಿದ್ದ ದಾರಿಗನು ಕರಾವಳಿಯ ಕಡೆಯ ಬ್ವಾನಾ ಖೇರಿ. ಶಿಖರದ ಮೇಲೆ ಬಿಳಿಯ ಮೋಡದಂತೆ ಹೊಳೆದುದು ಏನೆಂದು ಕೇಳಿದಾಗ ದಾರಿಗನಿಂದ ದೊರೆತ ಮಾತು 'ಚಳಿ' ಎಂಬುದು. ಸ್ವಾಹಿಲಿಯಲ್ಲಿ ಅದಕ್ಕೆ 'ಬರೀದಿ' ಎನ್ನುತ್ತಾರೆ. ಈ ಉತ್ತರವನ್ನು ಅಜ್ಞಾನದ ಗುರುತೆಂದು ಓದುವುದು ವಾಡಿಕೆ. ಆದರೆ ಅಲಂಕಾರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇದು ಶುದ್ಧವಾದ ಲಕ್ಷಣಾವೃತ್ತಿ. ಕಡಲ ಕರೆಯಲ್ಲಿ ಬಾಳಿದವನಿಗೆ ಹಿಮಕ್ಕೆ ಹೆಸರಿಲ್ಲ. ಅದರ ಧರ್ಮವು ಗೊತ್ತು. ಧರ್ಮವನ್ನು ಹೇಳಿ ಧರ್ಮಿಯನ್ನು ಸೂಚಿಸಿದನು. ರೆಬ್ಮನ್ನನ ಕಣ್ಣಿಗೆ ಬಿದ್ದ ಬಿಳುಪು ಹಿಮವೇ ಹೊರತು ಮೋಡವಲ್ಲವೆಂಬ ತೀರ್ಮಾನಕ್ಕೆ ಆ ಒಂದು ಮಾತು ಒತ್ತಾಸೆಯಾಗಿ ನಿಲ್ಲುವುದು. ಮುಂದೆ ಬೆಟ್ಟದ ಜನರ ನಡುವೆ ಓಡಾಡಿದಾಗ ರೆಬ್ಮನ್ನನು ಇನ್ನೂ ಸ್ಪಷ್ಟವಾದ ಸಂಗತಿಯನ್ನು ಕೇಳಿ ತಿಳಿದನು. ಮೇಲಿನ ಬಿಳಿಯ ವಸ್ತುವನ್ನು ಕೆಳಗೆ ತಂದರೆ ನೀರಾಗುವುದೆಂಬುದು ಅವರಿಗೆ ಗೊತ್ತಿತ್ತು; ಹಿಂದೊಮ್ಮೆ ಒಬ್ಬ ಒಡೆಯನು ಅದನ್ನು ಪರೀಕ್ಷಿಸಲು ಆಳುಗಳನ್ನು ಕಳುಹಿಸಿದ್ದನೆಂದೂ, ಅವರಲ್ಲಿ ಬದುಕಿ ಬಂದವನ ಕೈಕಾಲುಗಳು ಚಳಿಯಿಂದ ಕೆಟ್ಟಿದ್ದವೆಂದೂ ಅವರು ಹೇಳುತ್ತಿದ್ದರು. ಹೀಗಿರಲು ಹಿಮದ ಕಡೆಗೆ ಮೊದಲು ಹೆಜ್ಜೆಯಿಟ್ಟವರು ಆ ಊರಿನವರೇ ಎಂಬುದು ರೆಬ್ಮನ್ನನ ಬರಹದಿಂದಲೇ ಸಿದ್ಧವಾಗುವುದು.

ಈ ವರದಿಯು ೧೮೪೯ರಲ್ಲಿ ಪ್ರಕಟವಾದಾಗ ಲಂಡನ್ನಿನ ಭೂಗೋಲಪಂಡಿತ ವಿಲಿಯಂ ಡೆಸ್ಬರೋ ಕೂಲಿಯು ಅದನ್ನು ನಂಬಲಿಲ್ಲ. ಭೂಮಧ್ಯರೇಖೆಯ ಬಳಿಯಲ್ಲಿ ಹಿಮವಿರಲಾರದೆಂಬುದು ಆತನ ವಾದ. ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಎಂಬ ಮೂರು ಪ್ರಮಾಣಗಳನ್ನು ಇಟ್ಟು ನೋಡಿದರೆ ವಾದದ ಸ್ವರೂಪವು ನಿಚ್ಚಳವಾಗುವುದು. ರೆಬ್ಮನ್ನನಿಗೆ ಪ್ರತ್ಯಕ್ಷವಿತ್ತು; ಬೆಟ್ಟದ ಜನರಿಂದ ಬಂದ ಆಪ್ತವಾಕ್ಯವೂ ಇತ್ತು. ಕೂಲಿಗೆ ಇದ್ದುದು ಕುಳಿತಲ್ಲಿಂದ ಕಟ್ಟಿದ ಅನುಮಾನ ಒಂದೇ. ೧೮೬೧ ಮತ್ತು ೧೮೬೨ರಲ್ಲಿ ಬ್ಯಾರನ್ ಫಾನ್ ಡೆರ್ ಡೆಕೆನ್ನನು ಇಳಿಜಾರುಗಳನ್ನು ಏರಿ ಬರುವವರೆಗೆ ವಿದ್ವತ್ಸಭೆಗಳಲ್ಲಿ ಸಂದೇಹ ಪೂರ್ತಿ ಕಳೆಯಲಿಲ್ಲ. ಚಾಗ್ಗಾ ಜನರ ಮಾತನ್ನು ಆಪ್ತವಾಕ್ಯವೆಂದು ಎಣಿಸಿದ್ದರೆ ಹತ್ತು ವರ್ಷಗಳಿಗೂ ಮೀರಿ ನಡೆದ ಈ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲ. ಮಾರ್ಗದರ್ಶಕರ ಮಾತನ್ನು ಪ್ರಮಾಣವೆಂದು ಕೊಳ್ಳದ ದೋಷವು ಬರಿಯ ಸೌಜನ್ಯದ ಕೊರತೆಯಲ್ಲ, ಜ್ಞಾನದ ನಷ್ಟವೂ ಹೌದು ಎಂಬುದು ಈ ಪ್ರಥಮಪ್ರಕರಣದಿಂದಲೇ ವಿದಿತವಾಗುವುದು.

ಇಂಗ್ಲಿಷ್ ಪಾದ್ರಿ ಚಾರ್ಲ್ಸ್ ನ್ಯೂ ೧೮೭೧ರಲ್ಲಿ ಹಿಮದ ಅಂಚಿನವರೆಗೆ ಏರಿದನು. ಆತನ ಗ್ರಂಥವು ೧೮೭೩ರಲ್ಲಿ ಅಚ್ಚಾಯಿತು. ಬೇರೆಯವರ ಗ್ರಂಥಗಳಿಗಿಂತ ಇದರಲ್ಲಿ ಜೊತೆಗಾರರ ಚಲನವಲನ ಹೆಚ್ಚಾಗಿ ಕಾಣುತ್ತದೆ. ಮೋಶಿಯ ಒಡೆಯನಾದ ಮಂದಾರನು ಅಪ್ಪಣೆ ಕೊಟ್ಟು ಆಳುಗಳನ್ನು ಕಳುಹಿಸದೆ ಏರುವಿಕೆ ಮೊದಲಾಗುವುದೇ ಇಲ್ಲವೆಂಬುದು ಇದರಲ್ಲಿ ಮರೆಯಿಲ್ಲದೆ ಬಂದಿದೆ. ಉಳಿದವರು ಹಿಂದುಳಿದ ಮೇಲೂ ಜೊತೆಬಿಡದೆ ನಡೆದ ತೊಫಿಕಿಗೆ ಅಲ್ಲಿ ಹೆಸರಿದೆ, ಆಯಾಸವಿದೆ, ಮಾತಿದೆ. ನ್ಯೂನ ಶೈಲಿಯಲ್ಲಿ ಪಾದ್ರಿಗಳ ಬರಹಕ್ಕೆ ಸಹಜವಾದ ಉಪದೇಶದ ಧ್ವನಿಯಿದ್ದರೂ, ಬೆಟ್ಟದ ಮೇಲೆ ಒಬ್ಬನ ಉಸಿರು ಇನ್ನೊಬ್ಬನ ಉಸಿರಿಗೆ ಹೇಗೆ ತೊಡಕಿಕೊಂಡಿರುತ್ತದೆಂಬುದನ್ನು ಆತನು ಬಲ್ಲನು. ಆದಕಾರಣ ಶಿಖರವನ್ನು ಮುಟ್ಟದ ಈ ಗ್ರಂಥವು, ಮುಟ್ಟಿದ ಕೆಲವು ಗ್ರಂಥಗಳಿಗಿಂತ ಕಥನವಾಗಿ ಮೇಲು.

೩

ಶಿಖರವನ್ನು ಮುಟ್ಟಿದವನು ಲೈಪ್‌ಜಿಗ್ ನಗರದ ಹಾನ್ಸ್ ಮೇಯರ್. ಆತನ ಗ್ರಂಥವು ಜರ್ಮನಿನಲ್ಲಿ ೧೮೯೦ರಲ್ಲಿಯೂ ಇಂಗ್ಲಿಷಿನಲ್ಲಿ ೧೮೯೧ರಲ್ಲಿಯೂ ಹೊರಬಂದಿತು. ಪೂರ್ವ ಆಫ್ರಿಕದ ಹಿಮನದಿಗಳನ್ನು ಹೆಸರಿನಲ್ಲಿಯೇ ಧರಿಸಿದ ಈ ಗ್ರಂಥವು ಈ ಶಾಖೆಯ ಮುಖ್ಯಗ್ರಂಥವೆನ್ನುವುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮೇಯರನು ೧೮೮೭ರಲ್ಲಿ ಹಿಮದ ಗೋಡೆಯವರೆಗೆ ಹೋಗಿ ಹಿಂದಿರುಗಿದ್ದನು. ೧೮೮೮ರಲ್ಲಿ ಕರಾವಳಿಯ ಬಂಡಾಯಗಾರರ ಕೈಗೆ ಸಿಕ್ಕಿ ಹಣ ತೆತ್ತು ಬಿಡಿಸಿಕೊಂಡಿದ್ದನು. ೧೮೮೯ರಲ್ಲಿ ಆಸ್ಟ್ರಿಯದ ಲುಡ್ವಿಗ್ ಪುರ್ಟ್‌ಶೆಲ್ಲರನೊಡನೆ ಮೂರನೆಯ ಸಲ ಬಂದನು. ಅಕ್ಟೋಬರ್ ೩ರಂದು ಕುಂಡದ ಅಂಚನ್ನು ಮುಟ್ಟಿ, ಬಲ ಸಾಲದೆ ಇಳಿದು, ೬ನೆಯ ತಾರೀಖು ಇಬ್ಬರೂ ನೆತ್ತಿಯನ್ನು ಸೇರಿದರು.

ಗ್ರಂಥದ ಗುಣಗಳನ್ನು ಮೊದಲು ಹೇಳಬೇಕು. ಮೇಯರನು ನೋಡಿದುದನ್ನು ಅಳೆದು ಬರೆಯುವ ವಿದ್ವಾಂಸ. ಕಾಡಿನ ಅಂಚು, ಹುಲ್ಲುಬಯಲು, ಬರಿಯ ಬೂದಿಯ ಇಳಿಜಾರು, ಮಂಜುಗಡ್ಡೆ ಎಂಬ ಪಟ್ಟಿಪಟ್ಟಿಗಳಾಗಿ ಬೆಟ್ಟವು ಆತನ ಪುಟಗಳಲ್ಲಿ ನಿಲ್ಲುತ್ತದೆ. ಗಾಜಿನಂತೆ ಗಟ್ಟಿಯಾದ ಮಂಜಿನಲ್ಲಿ ಒಂದೊಂದು ಮೆಟ್ಟಿಲಿಗೂ ಕೊಡಲಿಯಿಂದ ಇಪ್ಪತ್ತರಷ್ಟು ಪೆಟ್ಟು ಬೇಕಾಯಿತೆಂಬ ಒಂದೇ ವಿವರದಿಂದ, ಪುಟಗಟ್ಟಲೆ ವಿಶೇಷಣಗಳಿಂದ ಆಗದ ಕೆಲಸ ಆಗುತ್ತದೆ. ಆ ಮೆಟ್ಟಿಲುಗಳನ್ನು ಕಡಿದವನು ಪುರ್ಟ್‌ಶೆಲ್ಲರನೆಂಬುದನ್ನೂ ಆತನು ಮುಚ್ಚಿಡುವುದಿಲ್ಲ.

ಆದರೆ ಈ ಆರೋಹಣವು ಸಿದ್ಧಿಸಿದುದು ಕೊಡಲಿಯಿಂದಲ್ಲ. ಹಿಂದಿನ ಪ್ರಯತ್ನಗಳು ಮುರಿದುಬಿದ್ದುದಕ್ಕೆ ಒಂದು ದೊಡ್ಡ ಕಾರಣ ಅನ್ನದ ಕೊರತೆ. ಮೇಲೆ ಏರಿದಷ್ಟೂ ತಿನ್ನುವುದಕ್ಕೆ ಕೆಳಗೆ ಇಳಿಯಬೇಕಾಗುತ್ತಿತ್ತು. ಈ ಸಲ ಮೇಯರನು ಬೇರೆ ಬೇರೆ ಎತ್ತರಗಳಲ್ಲಿ ಬಿಡಾರಗಳನ್ನು ಹೂಡಿಸಿ, ಕೆಲವು ದಿನಗಳಿಗೊಮ್ಮೆ ಕೆಳಗಿನಿಂದ ಆಹಾರವು ಮೇಲೆ ಬರುವಂತೆ ಏರ್ಪಡಿಸಿದನು. ಸುಮಾರು ೪,೩೦೦ ಮೀಟರು ಎತ್ತರದ ಬಿಡಾರವೇ ಈ ಏರ್ಪಾಡಿನ ಕೀಲು. ಅಲ್ಲಿ ನಿಂತು ಕಾಯ್ದವನು ಪಂಗಾನಿಯ ಮ್ವಿನಿ ಅಮಾನಿ. ಕೆಳಗಿನಿಂದ ಹೊರೆ ಹೊತ್ತು ತಂದವರು ಆಳುಗಳು. ಮಾರಂಗುವಿನ ಒಡೆಯನಾದ ಮಾರೆಆಲೆಯ ಸ್ನೇಹವಿಲ್ಲದಿದ್ದರೆ ಬುಡದ ಬಿಡಾರವೇ ನಿಲ್ಲುತ್ತಿರಲಿಲ್ಲ. ಈ ಏರ್ಪಾಡನ್ನು ಮೇಯರನು ತನ್ನ ಯುಕ್ತಿಯೆಂದು ಹೇಳುವುದು ತಪ್ಪಲ್ಲ, ಯುಕ್ತಿ ಆತನದೇ. ಆದರೆ ಯುಕ್ತಿಯು ಕಾಗದದ ಮೇಲೆ ಇರುವುದು, ಅನ್ನವು ಬೆನ್ನಿನ ಮೇಲೆ ಬರುವುದು. ಬೆಂಕಿಗೆ ಸೌದೆ, ಕುಡಿಯಲು ನೀರು, ಕಾಯುವುದಕ್ಕೆ ಒಬ್ಬ ಮನುಷ್ಯ ಇವು ಆ ಎತ್ತರದಲ್ಲಿ ಇಲ್ಲದಿದ್ದರೆ ಮೂರನೆಯ ತಾರೀಖು ಸೋತು ಇಳಿದವರು ಆರನೆಯ ತಾರೀಖಿಗೆ ಮತ್ತೆ ಏರುತ್ತಿರಲಿಲ್ಲ.

ಇಲ್ಲಿಯೇ ಕಥನದ ವ್ಯಾಕರಣವನ್ನು ಗಮನಿಸತಕ್ಕದ್ದು. ಇಂತಹ ಗ್ರಂಥಗಳಲ್ಲಿ ಬಿಡಾರವು ಹೂಡಲ್ಪಡುತ್ತದೆ, ಸಾಮಾನು ತರಲ್ಪಡುತ್ತದೆ, ದಾರಿ ಕಂಡುಹಿಡಿಯಲ್ಪಡುತ್ತದೆ. ಕರ್ಮಣಿಪ್ರಯೋಗವು ಐರೋಪ್ಯ ಭಾಷೆಗಳಿಗೆ ಸಹಜ. ಅದರಲ್ಲಿ ಕರ್ತೃವನ್ನು ಬಿಟ್ಟರೂ ವಾಕ್ಯವು ಮುಕ್ಕಾಗುವುದಿಲ್ಲ. ಅದೇ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿದರೆ ಭಾಷೆಯೇ ತಡೆದು, ಹೂಡಿದವರು ಯಾರು, ತಂದವರು ಯಾರು ಎಂದು ಕೇಳುತ್ತದೆ. ಕನ್ನಡದ ಜಾಯಮಾನವು ಕರ್ತರಿಪ್ರಯೋಗವನ್ನು ಬಯಸುವುದು ಇಲ್ಲಿ ವಿಮರ್ಶಕನಿಗೆ ಒಂದು ಸಾಧನವೇ ಆಗಿದೆ. ಅಂತೆಯೇ 'ನಾವು' ಎಂಬ ಸರ್ವನಾಮ. ಕರಾವಳಿಯಿಂದ ಹೊರಟಾಗ ಅದರೊಳಗೆ ಇಡೀ ತಂಡವಿದೆ. ಕಾಡನ್ನು ದಾಟುವಾಗ ಕೆಲವರು. ನಡುವಣ ಬಿಡಾರದಲ್ಲಿ ಮೂವರು. ಮಂಜಿನ ಮೇಲೆ ಇಬ್ಬರು. ಸರ್ವನಾಮವು ಒಂದೇ ಆಗಿದ್ದು ಅದರ ಅರ್ಥ ಮಾತ್ರ ಸದ್ದಿಲ್ಲದೆ ಕುಗ್ಗುತ್ತದೆ. ಕಡೆಯ ಪ್ರಕರಣದ 'ನಾವು ಗೆದ್ದೆವು' ಎಂಬ ಭಾವಕ್ಕೆ ಮೊದಲ ಪ್ರಕರಣದ 'ನಾವು' ಬಂಡವಾಳವಾಗಿದ್ದರೂ, ಲಾಭವನ್ನು ಹಂಚುವಾಗ ಆ ಹಿರಿಯ 'ನಾವು' ಎಣಿಕೆಗೆ ಬರುವುದಿಲ್ಲ.

ನೆತ್ತಿಯನ್ನು ಸೇರಿದೊಡನೆ ಮೇಯರನು ಅದಕ್ಕೆ ಜರ್ಮನ್ ಚಕ್ರವರ್ತಿ ವಿಲ್ಹೆಲ್ಮನ ಹೆಸರನ್ನಿಟ್ಟನು. ಏರಿದ ಹಿಮನದಿಗೆ ಲೈಪ್‌ಜಿಗ್ಗಿನ ಭೂಗೋಲಾಚಾರ್ಯ ರಾಟ್ಸೆಲನ ಹೆಸರು ಬಂದಿತು. ಹೆಸರಿಡುವ ಈ ಉತ್ಸಾಹವು ಆ ಕಾಲದ ರಾಜ್ಯತೃಷ್ಣೆಗೆ ಸಂಬಂಧಪಟ್ಟುದೆಂದು ಬಿಟ್ಟುಬಿಡಬಹುದು. ಆದರೆ ಕಥನದ ಔಚಿತ್ಯವನ್ನು ವಿಚಾರಿಸುವವನು ಇಷ್ಟನ್ನು ಹೇಳಲೇಬೇಕು: ಬೆಟ್ಟವನ್ನು ಕಾಣದ ಚಕ್ರವರ್ತಿಗೆ ಶಿಖರವೂ, ಮಂಜನ್ನು ತುಳಿಯದ ಆಚಾರ್ಯನಿಗೆ ಹಿಮನದಿಯೂ ದೊರೆತವು, ಅದರ ಮಗ್ಗುಲಲ್ಲಿ ರಾತ್ರಿಗಳನ್ನು ಕಳೆದ ಮ್ವಿನಿ ಅಮಾನಿಗೆ ಒಂದು ಬಂಡೆಯೂ ದೊರೆಯಲಿಲ್ಲ. ಪುಸ್ತಕದಲ್ಲಿ ಆತನ ಹೆಸರು ಉಳಿಯಿತು, ಭೂಪಟದಲ್ಲಿ ಉಳಿಯಲಿಲ್ಲ.

೪

'ಮಾರ್ಗದರ್ಶಕ' ಎಂಬ ಶಬ್ದವೇ ಯಾರಿಗೆ ಸಲ್ಲುತ್ತಿತ್ತೆಂಬುದನ್ನು ತಿಳಿಯಲು ನೆರೆಯ ಕೀನ್ಯಾ ಪರ್ವತದ ಕಡೆಗೆ ಒಂದು ಸಲ ತಿರುಗಬೇಕಾಗುತ್ತದೆ. ೫,೧೯೯ ಮೀಟರಿನ ಆ ಶಿಖರವನ್ನು ಇಂಗ್ಲಿಷ್ ಭೂಗೋಲಶಾಸ್ತ್ರಜ್ಞ ಹಾಲ್ಫರ್ಡ್ ಮ್ಯಾಕಿಂಡರನು ೧೮೯೯ರ ಸೆಪ್ಟೆಂಬರ್ ೧೩ರಂದು ಏರಿದನು. ಜೊತೆಯಲ್ಲಿದ್ದವರು ಆಲ್ಪ್ಸ್ ಪರ್ವತಪ್ರಾಂತದಿಂದ ಕರೆತಂದ ಸೇಸರ್ ಒಲ್ಲಿಯೆ ಮತ್ತು ಜೋಸೆಫ್ ಬ್ರೋಶರೆಲ್. ತಂಡದಲ್ಲಿ ಆರು ಮಂದಿ ಐರೋಪ್ಯರು, ೬೬ ಮಂದಿ ಸ್ವಾಹಿಲಿಗಳು, ೯೬ ಮಂದಿ ಕಿಕುಯುಗಳು, ಇಬ್ಬರು ಮಸಾಯಿ ಮಾರ್ಗದರ್ಶಕರು ಇದ್ದರೆಂದು ಆ ಯಾತ್ರೆಯ ಲೆಕ್ಕವು ಹೇಳುತ್ತದೆ. ಪುನಃ ಪುನಃ ಉದ್ಧೃತವಾಗುವ ಈ ಲೆಕ್ಕದಲ್ಲಿ ಆಲ್ಪ್ಸಿನ ಇಬ್ಬರು ಮಾರ್ಗದರ್ಶಕರು ಹೆಸರುಳ್ಳವರು. ಮಸಾಯಿ ಮಾರ್ಗದರ್ಶಕರಿಬ್ಬರು ಸಂಖ್ಯೆ ಮಾತ್ರ. ಆ ಪರ್ವತದ ಎರಡು ಹಿಮನದಿಗಳು ಇಂದಿಗೂ ಸೇಸರ್, ಜೋಸೆಫ್ ಎಂಬ ಹೆಸರುಗಳಿಂದ ಕರೆಯಲ್ಪಡುತ್ತವೆ. ವಿಚಿತ್ರವೇನೆಂದರೆ ಮ್ಯಾಕಿಂಡರನು ಶಿಖರಗಳಿಗೆ ಬಟಿಯನ್, ನೆಲಿಯನ್, ಲೆನಾನಾ ಎಂದು ಮಸಾಯಿ ಪುರೋಹಿತರ ಹೆಸರುಗಳನ್ನೇ ಇಟ್ಟನು. ಮೇಯರನಿಗಿಂತ ಈತನ ರುಚಿ ಮೇಲೆಂದು ಒಪ್ಪತಕ್ಕದ್ದೇ. ಆದರೂ ಮಸಾಯಿ ಜನರ ಪೂಜ್ಯರಿಗೆ ಶಿಖರ ದೊರೆತು, ತನ್ನ ಮುಂದೆ ನಡೆದ ಮಸಾಯಿಗಳಿಬ್ಬರಿಗೆ ಹೆಸರಿನ ಉಲ್ಲೇಖವೂ ದೊರೆಯದಿದ್ದುದು, ದೂರದ ಮಹಿಮೆಯನ್ನು ಗೌರವಿಸುವುದಕ್ಕಿಂತ ಹತ್ತಿರದ ಋಣವನ್ನು ಒಪ್ಪುವುದು ಎಷ್ಟು ಕಷ್ಟವೆಂಬುದಕ್ಕೆ ನಿದರ್ಶನವಾಗಿದೆ.

ಇದೇ ಕೀನ್ಯಾ ಪರ್ವತವನ್ನು ಕುರಿತು, ಮಾರ್ಗದರ್ಶಕರೇ ಇಲ್ಲದ ಒಂದು ಆರೋಹಣದ ಕಥನವೂ ಇದೆ. ಇಟಲಿಯ ಫೆಲಿಚೆ ಬೆನುತ್ಸಿಯು ೧೯೪೩ರ ಜನವರಿಯಲ್ಲಿ ಇಬ್ಬರು ಸಂಗಡಿಗರೊಡನೆ ನಾನ್ಯುಕಿಯ ಯುದ್ಧಕೈದಿಗಳ ಶಿಬಿರದಿಂದ ತಪ್ಪಿಸಿಕೊಂಡು, ಬೆಟ್ಟವನ್ನೇರಿ, ಲೆನಾನಾ ಶಿಖರದ ಮೇಲೆ ತಮ್ಮ ಬಾವುಟವನ್ನು ನೆಟ್ಟು, ಹಿಂದಿರುಗಿ ಬಂದು ತಾವಾಗಿಯೇ ಶಿಬಿರವನ್ನು ಹೊಕ್ಕನು. ಅವರಿಗೆ ಭೂಪಟವಿರಲಿಲ್ಲ, ಆಹಾರದ ಡಬ್ಬಿಯೊಂದರ ಮೇಲೆ ಅಂಟಿಸಿದ್ದ ಬೆಟ್ಟದ ಚಿತ್ರವೇ ಅವರ ಭೂಪಟ. ಹತಾರಗಳನ್ನು ಶಿಬಿರದ ಲೋಹದ ತುಂಡುಗಳಿಂದ ಗುಟ್ಟಾಗಿ ಮಾಡಿಕೊಂಡಿದ್ದರು. ೧೯೪೭ರಲ್ಲಿ ಪ್ರಕಟವಾದ ಈ ಗ್ರಂಥದ ರಸವು ವೀರವೆಂದು ಮೇಲುನೋಟಕ್ಕೆ ತೋರಿದರೂ ಅದರ ಸ್ಥಾಯಿಯಲ್ಲಿ ವಿನಯವು ಬೆರೆತಿದೆ. ಕಾಡಿನಲ್ಲಿ ಯಾವ ತೊರೆಯನ್ನು ಹಿಡಿದು ನಡೆಯಬೇಕು, ಯಾವ ಸದ್ದು ಯಾವ ಪ್ರಾಣಿಯದು, ಉಳಿದ ಅನ್ನ ಎಷ್ಟು ದಿನಕ್ಕೆ ಸಾಕು ಎಂಬ ಪ್ರಶ್ನೆಗಳಿಂದ ಪುಟಗಳು ತುಂಬಿವೆ. ಮೇಯರನ ಗ್ರಂಥದಲ್ಲಿ ಈ ಪ್ರಶ್ನೆಗಳಿಗೆ ಇಷ್ಟು ಎಡೆಯಿಲ್ಲದಿರುವುದೇಕೆ? ಅವನ್ನು ಬೇರೆಯವರು ಉತ್ತರಿಸುತ್ತಿದ್ದರು. ಮಾರ್ಗದರ್ಶಕನು ಇಲ್ಲದ ಗ್ರಂಥವನ್ನು ಓದಿದ ಮೇಲೆಯೇ, ಇದ್ದ ಗ್ರಂಥಗಳಲ್ಲಿ ಆತನು ಎಷ್ಟನ್ನು ಹೊತ್ತಿದ್ದನೆಂಬುದು ಗೋಚರವಾಗುವುದು. ಹೊರೆಯಾಳು ಹೊರುವುದು ಸಾಮಾನನ್ನು. ದಾರಿಗನು ಹೊರುವುದು ಸಂಶಯವನ್ನು.

ಮತ್ತೆ ಕಿಲಿಮಾಂಜಾರೋವಿಗೆ ಬಂದರೆ, ಆ ಹೆಸರನ್ನು ಲೋಕದಲ್ಲೆಲ್ಲ ಹಬ್ಬಿಸಿದ ಕೃತಿಯಾದ ಹೆಮಿಂಗ್ವೆಯ ೧೯೩೬ರ ಸಣ್ಣ ಕಥೆಯು ಆರೋಹಣದ ಕಥನವೇ ಅಲ್ಲ. ಅದರ ನಾಯಕನು ಬಯಲಿನಲ್ಲಿ ಗಾಯ ಕೊಳೆತು ಸಾಯುತ್ತಾನೆ; ಶಿಖರವು ಆತನ ಕಡೆಯ ಕನಸಿನಲ್ಲಿ ಬೆಳ್ಳಗೆ ತೋರುತ್ತದೆ. ಅಲ್ಲಿ ಬೆಟ್ಟವು ಸಂಕೇತ. ಸಂಕೇತಕ್ಕೆ ಇಳಿಜಾರು ಬೇಡ, ಕಾಲುವೆ ಬೇಡ, ಜನರೂ ಬೇಡ. ಕಥೆಯಾಗಿ ಅದರ ಸಿದ್ಧಿಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದನ್ನು ಓದಿ ಬೆಟ್ಟವನ್ನು ಅರಿತೆವೆಂದು ತಿಳಿಯುವವರಿಗೆ, ಆ ಬಿಳುಪಿನ ಕೆಳಗೆ ಬಾಳೆಯ ತೋಟಗಳಿವೆಯೆಂದು ನೆನಪು ಮಾಡಬೇಕಾಗುತ್ತದೆ.

೫

ಮರೆತವರನ್ನು ನೆನೆಯುವ ಕಾರ್ಯವು ತಡವಾಗಿಯಾದರೂ ನಡೆಯಿತು. ೧೯೬೧ರ ಡಿಸೆಂಬರ್ ೯ರಂದು ಟಾಂಗನ್ಯಿಕ ಸ್ವತಂತ್ರವಾದಾಗ ಅಲೆಕ್ಸಾಂಡರ್ ನ್ಯಿರೆಂಡಾ ಎಂಬ ಸೇನಾಧಿಕಾರಿಯು ನೆತ್ತಿಯ ಮೇಲೆ ಹೊಸ ಬಾವುಟವನ್ನು ಏರಿಸಿದನು. ಚಕ್ರವರ್ತಿಯ ಹೆಸರು ಹೋಗಿ, ಸ್ವಾಹಿಲಿಯಲ್ಲಿ 'ಸ್ವಾತಂತ್ರ್ಯ' ಎಂಬರ್ಥದ 'ಉಹುರು' ಶಿಖರದ ಹೆಸರಾಯಿತು. ಮಾರಂಗುವಿನ ದಾರಿಯ ಬಿಡಾರಗಳಿಗೆ ಹಿಂದೆ ಬಿಸ್ಮಾರ್ಕ್, ಪೀಟರ್ಸ್ ಎಂಬ ಜರ್ಮನರ ಹೆಸರುಗಳಿದ್ದವು. ಈಗ ಅವು ಮಂದಾರ, ಹೊರೊಂಬೊ ಎಂಬ ಚಾಗ್ಗಾ ಒಡೆಯರ ಹೆಸರನ್ನು ಹೊತ್ತಿವೆ. ಪ್ರಥಮಾರೋಹಣದ ನೂರನೆಯ ವರ್ಷವಾದ ೧೯೮೯ರಲ್ಲಿ, ಮಾರಂಗುವಿನ ವೃದ್ಧ ಮಾರ್ಗದರ್ಶಕ ಯೋಹಾನಿ ಕಿನ್ಯಾಲ ಲಾವುವೊ ಎಂಬಾತನು ಮೇಯರನಿಗೆ ದಾರಿ ತೋರಿದವನೆಂದು ಸನ್ಮಾನಿತನಾದನು. ಸರ್ಕಾರವು ಆತನಿಗೆ ಮನೆಯನ್ನು ಕೊಟ್ಟಿತು. ಆತನು ೧೮೭೧ರಲ್ಲಿ ಹುಟ್ಟಿದನೆಂದು ಲೆಕ್ಕ, ೧೯೯೬ರಲ್ಲಿ ತೀರಿಕೊಂಡನು.

ಇಲ್ಲಿ ವಿಮರ್ಶೆಗೆ ಸೂಕ್ಷ್ಮವಾದ ಪರೀಕ್ಷೆಯೊಂದು ಎದುರಾಗುತ್ತದೆ. ಈ ಲೆಕ್ಕವನ್ನು ಒಪ್ಪಿದರೆ ಲಾವುವೊ ೧೨೫ ವರ್ಷ ಬದುಕಿದನೆನ್ನಬೇಕು. ಅದು ಮನುಷ್ಯನ ಆಯುಸ್ಸಿಗೆ ಮೀರಿದ ಮಾತು. ಮೇಯರನ ಗ್ರಂಥದ ಪ್ರಕಾರ ಮಂಜಿನ ಮೇಲೆ ನಡೆದವರು ಇಬ್ಬರೇ, ಮೇಲಣ ಬಿಡಾರದಲ್ಲಿದ್ದವನು ಮ್ವಿನಿ ಅಮಾನಿ. ಲಾವುವೊ ನೆತ್ತಿಯವರೆಗೆ ನಡೆದನೆಂಬ ಪ್ರತೀತಿಗೆ ಆ ಗ್ರಂಥದಲ್ಲಿ ಆಧಾರವಿಲ್ಲ. ಗ್ರಂಥವು ಮರೆಮಾಚುವ ಸ್ವಭಾವದ್ದೆಂದು ಮೇಲೆ ತೋರಿಸಿದ್ದರಿಂದ, ಅದು ಹೇಳದುದೆಲ್ಲ ನಡೆದುದೇ ಎಂದು ವಾದಿಸುವ ಆಸೆ ಹುಟ್ಟಬಹುದು. ಈ ಆಸೆಗೆ ಎಡೆಗೊಡಬಾರದು. ಕೂಲಿಯು ಚಾಗ್ಗಾ ಜನರ ಮಾತನ್ನು ಪರೀಕ್ಷಿಸದೆ ತಳ್ಳಿದುದು ಎಷ್ಟು ತಪ್ಪೋ, ಅದೇ ಜನರ ಒಂದು ಮಾತನ್ನು ಪರೀಕ್ಷಿಸದೆ ಹಿಡಿದುಕೊಳ್ಳುವುದೂ ಅಷ್ಟೇ ತಪ್ಪು. ಎರಡರಲ್ಲಿಯೂ ಹೇಳಿದವನನ್ನು ಸಾಕ್ಷಿಯೆಂದು ಎಣಿಸಿ ಪ್ರಶ್ನಿಸುವ ಗೌರವವು ಇಲ್ಲ.

ಹಾಗಾದರೆ ಲಾವುವೊ ವೃತ್ತಾಂತದ ಬೆಲೆಯೇನು? ವರ್ಷಗಳ ಲೆಕ್ಕ ತಪ್ಪಿರಬಹುದು. ಆದರೆ ಆತನು ಹಲವು ದಶಕಗಳ ಕಾಲ ಪರದೇಶದವರನ್ನು ಬೆಟ್ಟಕ್ಕೆ ಕರೆದೊಯ್ದ ಮಾರ್ಗದರ್ಶಕನೆಂಬುದು ಪ್ರಸಿದ್ಧವಾದ ಸಂಗತಿ. ೧೮೮೯ರಲ್ಲಿ ದಾರಿ ತೋರಿದವರು, ಹೊರೆ ಹೊತ್ತವರು ಇದ್ದೇ ಇದ್ದರು. ಅವರ ಹೆಸರುಗಳು ಉಳಿಯದೆ ಹೋದವು. ಖಾಲಿಯಾದ ಆ ಪೀಠದ ಮೇಲೆ ಆ ಊರು ತಾನು ಕಂಡ ಒಬ್ಬ ಹಿರಿಯನನ್ನು ಕೂರಿಸಿತು. ಹೆಸರನ್ನು ಬರೆದಿಡುವವರು ಬರೆಯದಿದ್ದರೆ ನೆನಪು ತನಗೆ ತೋಚಿದಂತೆ ಬರೆದುಕೊಳ್ಳುತ್ತದೆ. ಈ ಪ್ರತೀತಿಯಲ್ಲಿ ತಪ್ಪಿದ್ದರೆ ಅದರ ಬಹುಪಾಲು ಹೊಣೆ, ಹೆಸರುಗಳನ್ನು ಬಿಟ್ಟ ಗ್ರಂಥಕ್ಕೆ ಸೇರತಕ್ಕದ್ದು. ಇದನ್ನು ಇತಿಹಾಸವೆನ್ನದೆ, ಸುಳ್ಳೆನ್ನದೆ, ತೀರದ ಋಣದ ಕಥಾರೂಪವೆಂದು ಓದುವುದು ಯುಕ್ತ.

ಇನ್ನೊಂದು ಅತಿಯನ್ನೂ ತಿದ್ದತಕ್ಕದ್ದುಂಟು. ಊರಿನ ಮಾರ್ಗದರ್ಶಕನಿಗೆ ಬುಡದಿಂದ ನೆತ್ತಿಯವರೆಗೆ ಎಲ್ಲವೂ ಗೊತ್ತಿತ್ತು, ಪರದೇಶಿಯು ಬರಿದೆ ಹಿಂಬಾಲಿಸಿದನು ಎಂಬ ಮಾತು ಈಚೆಗೆ ಕೇಳಿಬರುತ್ತದೆ. ೧೮೮೯ರ ಮಟ್ಟಿಗೆ ಇದು ನಿಲ್ಲುವುದಿಲ್ಲ. ಕಾಡು ಮತ್ತು ಹುಲ್ಲುಬಯಲುಗಳ ಜ್ಞಾನವು ಬೆಟ್ಟದ ಜನರದು. ಮಂಜಿನಲ್ಲಿ ಮೆಟ್ಟಿಲು ಕಡಿಯುವ ಜ್ಞಾನವು ಆಲ್ಪ್ಸ್ ಪರ್ವತದ್ದು. ಒಂದು ನಿಂತ ಎಡೆಯಲ್ಲಿ ಇನ್ನೊಂದು ಮೊದಲಾಯಿತು. ಆರೋಹಣವು ಇವೆರಡರ ಕೂಡಿಕೆ. ಕಥನವು ಮಾಡಿದ ಅನ್ಯಾಯವೆಂದರೆ ಎರಡನೆಯದನ್ನು ವಿದ್ಯೆಯೆಂದೂ ಮೊದಲನೆಯದನ್ನು ಕೂಲಿಯೆಂದೂ ಕರೆದುದು.

೬

ಈ ವಿಚಾರವು ಹಳೆಯ ಗ್ರಂಥಗಳ ಮಟ್ಟಿಗೆ ಮುಗಿಯುವುದಿಲ್ಲ. ೧೯೧೨ರಿಂದ ೨೦೦೭ರೊಳಗೆ ಕಿಲಿಮಾಂಜಾರೋವಿನ ಮಂಜಿನ ಹರವಿನಲ್ಲಿ ಶೇಕಡ ೮೫ರಷ್ಟು ಕರಗಿಹೋಯಿತು. ಮೇಯರನು ಮೆಟ್ಟಿಲು ಕಡಿಸಿದ ಇಳಿಜಾರಿನ ಮೂಲಕ ಈಗ ಏರಬೇಕಾಗಿಲ್ಲ. ವಾಡಿಕೆಯ ದಾರಿಗಳಲ್ಲಿ ಕೊಡಲಿಗೆ ಕೆಲಸವಿಲ್ಲ. ಆಲ್ಪ್ಸಿನ ವಿದ್ಯೆಯ ಅಗತ್ಯ ತಗ್ಗಿದಂತೆ ಬೆಟ್ಟದ ಜನರ ವಿದ್ಯೆಯ ಅಗತ್ಯ ಹೆಚ್ಚಾಯಿತು. ಈಗ ಆರೋಹಿಗಳನ್ನು ಕಾಡುವ ಮುಖ್ಯ ಶತ್ರು ಗಾಳಿಯ ವಿರಳತೆ. ನೆತ್ತಿಯಲ್ಲಿ ಗಾಳಿಯ ಒತ್ತಡವು ಕಡಲ ಮಟ್ಟದಲ್ಲಿರುವುದರ ಅರ್ಧದಷ್ಟು ಮಾತ್ರ. ಬೇಗ ಏರಿದವನ ತಲೆ ಸಿಡಿಯುತ್ತದೆ, ಅನ್ನ ನಿಲ್ಲುವುದಿಲ್ಲ, ಮಿತಿಮೀರಿದರೆ ಶ್ವಾಸಕೋಶದಲ್ಲಿಯೋ ಮಿದುಳಿನಲ್ಲಿಯೋ ನೀರು ತುಂಬಿ ಪ್ರಾಣಕ್ಕೆ ಅಪಾಯವಾಗುತ್ತದೆ. ಇದಕ್ಕೆ ಮಾರ್ಗದರ್ಶಕರು ಹೇಳುವ ಮದ್ದು 'ಪೋಲೆ ಪೋಲೆ' ಎಂಬ ಎರಡು ಸ್ವಾಹಿಲಿ ಮಾತು: ಮೆಲ್ಲ ಮೆಲ್ಲನೆ. ಇಂದಿನ ಆರೋಹಿಗಳು ಈ ಮಾತನ್ನು ವಿನೋದದ ಪಲ್ಲವಿಯಂತೆ ಉದ್ಧರಿಸುತ್ತಾರೆ. ವಾಸ್ತವವಾಗಿ ಅದು ವೈದ್ಯಶಾಸ್ತ್ರವು ಒಪ್ಪುವ ವಿಧಿ. ಯಾರ ಹೆಜ್ಜೆ ತಡವರಿಸಿತು, ಯಾರು ಮಾತು ಬಿಟ್ಟರು, ಯಾರನ್ನು ಈಗಲೇ ಕೆಳಗಿಳಿಸಬೇಕು ಎಂದು ಕತ್ತಲಲ್ಲಿ ದೀಪದ ಬೆಳಕಿನಿಂದ ನೋಡಿ ನಿರ್ಣಯಿಸುವವನು ಹಿಂದಿರುಗಿಸುವ ಅಧಿಕಾರವುಳ್ಳ ಮಾರ್ಗದರ್ಶಕ. ನೆತ್ತಿಗೆ ಕರೆದೊಯ್ದ ಮಾರ್ಗದರ್ಶಕನು ಕಥನದಲ್ಲಿ ಅಲ್ಪಸ್ವಲ್ಪವಾದರೂ ಬರುತ್ತಾನೆ. ನೆತ್ತಿಗೆ ಮುಂಚೆ ತಡೆದು ಬದುಕಿಸಿದ ಮಾರ್ಗದರ್ಶಕನಿಗೆ ಕಥನವೇ ಇಲ್ಲ, ಏಕೆಂದರೆ ಸೋತವರು ಪುಸ್ತಕ ಬರೆಯುವುದು ಅಪೂರ್ವ.

೧೯೭೩ರಲ್ಲಿ ಪರ್ವತವು ರಾಷ್ಟ್ರೀಯ ಉದ್ಯಾನವಾಯಿತು. ೧೯೯೧ರಿಂದ ಮಾರ್ಗದರ್ಶಕರಿಲ್ಲದೆ ಏರಕೂಡದೆಂಬ ನಿಯಮವಿದೆ. ಹೊರೆಯಾಳು ೨೦ ಕಿಲೋಗ್ರಾಮಿಗಿಂತ ಹೆಚ್ಚು ಹೊರಬಾರದೆಂಬುದೂ ನಿಯಮ. ಹೊರೆಗಳನ್ನು ದ್ವಾರದಲ್ಲಿ ತಕ್ಕಡಿಗೆ ಹಾಕುತ್ತಾರೆ. ವರ್ಷವರ್ಷವೂ ಹತ್ತಾರು ಸಾವಿರ ಜನ ಏರಲು ಬರುವ ಈ ಬೆಟ್ಟದಲ್ಲಿ, ಕೂಲಿ ಸಾಲದೆ, ಚಳಿಗೆ ತಕ್ಕ ಬಟ್ಟೆಯಿಲ್ಲದೆ ದುಡಿಯುವ ಹೊರೆಯಾಳುಗಳ ಕಷ್ಟವನ್ನು ನಿವಾರಿಸಲು ಸಂಸ್ಥೆಗಳು ಹುಟ್ಟಿಕೊಂಡಿವೆ. ನೂರಾರು ವರ್ಷಗಳಿಂದ ಅನ್ನ ಕೊಟ್ಟ ಬೆಟ್ಟವು ಈಗ ಬೇರೊಂದು ರೀತಿಯಲ್ಲಿ ಅನ್ನ ಕೊಡುತ್ತಿದೆ. ಆ ಅನ್ನಕ್ಕೆ ಬೆನ್ನು ತೆರುವ ಬೆಲೆಯನ್ನು ತಕ್ಕಡಿಯು ಅಳೆಯುವಂತೆ ಕಥನವೂ ಅಳೆಯಬೇಕಾಗಿದೆ.

ಆದುದರಿಂದ ಆರೋಹಣ ಕಥನದ ಮೌಲ್ಯವಿಚಾರದಲ್ಲಿ ವರ್ಣನೆಯ ಸೊಗಸು, ಸಾಹಸದ ತೀವ್ರತೆ, ಅಳತೆಯ ನಿಖರತೆ ಇವುಗಳ ಜೊತೆಗೆ ಋಣಸ್ವೀಕಾರವೆಂಬ ಗುಣವನ್ನೂ ಎಣಿಸತಕ್ಕದ್ದು. ಋಣಸ್ವೀಕಾರವೆಂದರೆ ಮುನ್ನುಡಿಯಲ್ಲಿ ಉಪಕಾರಸ್ಮರಣೆಯ ಒಂದು ಸಾಲಲ್ಲ. ದಾರಿ ತೋರಿದವನು ಕಥೆಯೊಳಗೆ ಹೆಸರಿನಿಂದ ಬರಬೇಕು. ಆತನ ತೀರ್ಪು ಕಥೆಯ ನಡೆಯನ್ನು ತಿರುಗಿಸಿದೆಡೆಯಲ್ಲಿ ಆ ತೀರ್ಪು ಆತನದೆಂದು ಕಾಣಬೇಕು. ಆತನಿಗೆ ತಿಳಿಯದುದನ್ನು ತಿಳಿದಿತ್ತೆಂದು ಹೊಗಳುವ ಸುಲಭವಾದ ಔದಾರ್ಯವೂ ಇರಬಾರದು. ಕಾವ್ಯಶಾಸ್ತ್ರದಲ್ಲಿ ನಾಯಕನ ಬಳಿ ಪೀಠಮರ್ದನೆಂಬ ಸಹಾಯಕನಿಗೆ ಲಕ್ಷಣ ಹೇಳಿದ್ದಾರೆ. ನಾಯಕನಿಗಿಂತ ತುಸು ಕಡಮೆ ಗುಣವುಳ್ಳವನು ಎಂಬುದು ಆ ಲಕ್ಷಣ. ಬೆಟ್ಟದ ಮೇಲೆ ಈ ಲಕ್ಷಣವು ಸಲ್ಲದು. ಅಲ್ಲಿ ಸಹಾಯಕನ ಗುಣ ಎಲ್ಲಿ ಕುಂದುವುದೋ ಅಲ್ಲಿಯೇ ನಾಯಕನ ಏರುವಿಕೆ ನಿಲ್ಲುವುದು. ಈ ಒರೆಗೆ ಹಚ್ಚಿದರೆ ನ್ಯೂನ ಗ್ರಂಥವು ಈಗಿರುವುದಕ್ಕಿಂತ ಮೇಲಣ ಸ್ಥಾನವನ್ನು ಪಡೆಯುವುದು. ಬೆನುತ್ಸಿಯ ಗ್ರಂಥವು ತನ್ನ ಸ್ಥಾನವನ್ನು ಉಳಿಸಿಕೊಳ್ಳುವುದು. ಮೇಯರನ ಗ್ರಂಥವು ಅಳತೆಯಲ್ಲಿ ಶ್ರೇಷ್ಠವಾಗಿಯೇ ಉಳಿದು ಔಚಿತ್ಯದಲ್ಲಿ ಕುಂದುವುದು.

ಮೇಯರನು ನೆತ್ತಿಯನ್ನು ೬,೦೦೦ ಮೀಟರಿಗೂ ಮೇಲೆಂದು ಅಳೆದನು. ಆ ಎತ್ತರವನ್ನು ಮುಂದಿನವರು ತಿದ್ದಿದರು. ಆತನು ಇಟ್ಟ ಹೆಸರನ್ನು ಆ ನಾಡಿನವರು ತಿದ್ದಿದರು. ಆತನು ತುಳಿದ ಮಂಜನ್ನು ಕಾಲವು ಕರಗಿಸಿತು. ಉಳಿದಿರುವುದು ಪುಸ್ತಕ. ಅದರೊಳಗೆ ೪,೩೦೦ ಮೀಟರು ಎತ್ತರದಲ್ಲಿ ಬೆಂಕಿ ಕಾಯ್ದುಕೊಂಡು ಕುಳಿತಿರುವ ಮ್ವಿನಿ ಅಮಾನಿಯನ್ನು ಕಂಡು, ಆ ಬೆಂಕಿಯ ಬಳಿಯಿಂದ ಕಥೆಯನ್ನು ಮತ್ತೊಮ್ಮೆ ಓದುವ ಕೆಲಸ ಓದುಗರಿಗೆ ಸೇರಿದ್ದಾಗಿದೆ.